ಖಿನ್ನತೆಗೆ ವಿಟಮಿನ್ ಇ ಸಾಕೇ?

ಪ್ರಶ್ನೆ: ನನ್ನ ಹೆಂಡತಿ ಖಿನ್ನತೆಗೆ ಎಸಿಟಲೊಪ್ರಾಮ್ ತೆಗೆದುಕೊಳ್ಳುತ್ತಿದ್ದಾಳೆ. ‘ಇದೆಲ್ಲ ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಬರೋದು. ಆ ಮಾತ್ರೆ ಬಿಡಿಸಿ, ವಿಟಮಿನ್ ಇ ಕೊಡಿ’ ಅಂತಾರೆ ನೆಂಟರೊಬ್ಬರು. ಏನು ಮಾಡಲಿ ಡಾಕ್ಟ್ರೇ?
– ಓದುಗರು, ಹಾವೇರಿ

ಉತ್ತರ: ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಬರಬಹುದು. ಖಿನ್ನತೆ ಮರುಕಳಿಸಲೂಬಹುದು.

ನೆಂಟರ ಮಾತು ಪೂರ್ತಿ ಸುಳ್ಳೇನಲ್ಲ. ಮೆದುಳಿನ ತೂಕ ದೇಹದ ಶೇ 2ರಷ್ಟು. ಆದರೆ ನಾವು ಬಳಸುವ ಆಕ್ಸಿಜನ್‌ನಲ್ಲಿ ಸುಮಾರು ಶೇ 20 ಅದಕ್ಕೇ ಬೇಕು. ಈ ಕೆಲಸದಲ್ಲಿ ಜೀವಕೋಶಕ್ಕೆ ಹಾನಿ ಮಾಡಬಲ್ಲ ಚುರುಕು ಅಣುಗಳು, ಅಂದರೆ ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ. ಗ್ಲುಟಾಥಯಾನ್‌ನಂಥ ದೇಹದ ರಕ್ಷಕ ವಸ್ತುಗಳು ಅವನ್ನು ಹಿಡಿತದಲ್ಲಿಡುತ್ತವೆ. ಹಿಡಿತ ತಪ್ಪುವುದೇ ಆಕ್ಸಿಡೇಟಿವ್ ಸ್ಟ್ರೆಸ್; ಆಗ ಜೀವಕೋಶದ ಕೊಬ್ಬು ಕೆಡುತ್ತದೆ. ಹಳೇ ಶೇಂಗಾ ಎಣ್ಣೆ ಕಮಟು ಹಿಡಿಯುವುದೂ ಹೀಗೇ. ಮೆದುಳಿನಲ್ಲಿ ಇಂಥ ಕೊಬ್ಬು ಜಾಸ್ತಿ ಅಲ್ವಾ, ಪೆಟ್ಟೂ ಬೇಗ. ಕೊಬ್ಬು ಕೆಟ್ಟಾಗ ಉಳಿಯುವ ಮಾಲೊನ್‌ಡೈಆಲ್ಡಿಹೈಡ್ ಖಿನ್ನತೆ ಇರುವವರ ರಕ್ತದಲ್ಲಿ ಸರಾಸರಿ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಆದರೆ ಆಕ್ಸಿಡೇಟಿವ್ ಸ್ಟ್ರೆಸ್ಸೇ ಖಿನ್ನತೆಯ ಮೂಲ ಕಾರಣ ಅಂತ ಸಾಬೀತಾಗಿಲ್ಲ. ಖಿನ್ನತೆಯಲ್ಲಿ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ. ಇವೂ ಆಕ್ಸಿಡೇಟಿವ್ ಸ್ಟ್ರೆಸ್ ಏರಿಸುತ್ತವೆ. ಎಸಿಟಲೊಪ್ರಾಮ್ ಬದಲು ವಿಟಮಿನ್ ಇ ಸಾಕು ಎನ್ನಲು ಪುರಾವೆಯೂ ಇಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಕಳವಳ ತರುತ್ತದೆ. ಎಸಿಟಲೊಪ್ರಾಮ್ ರಕ್ತಸ್ರಾವದ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಜಾಸ್ತಿ ಡೋಸಿನ ವಿಟಮಿನ್ ಇ ಕೂಡ ಅಷ್ಟೇ. ಆಸ್ಪಿರಿನ್ ಸೇರಿದರಂತೂ ಇನ್ನೂ ಕಷ್ಟ. ಕ್ಯಾಪ್ಸೂಲ್ ಈಗಾಗಲೇ ಶುರುವಾಗಿದ್ದರೆ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ. ನೆಲ್ಲಿಕಾಯಿ, ಸೊಪ್ಪು ಧಾರಾಳವಾಗಿ ಕೊಡಿ, ಸಂಜೆ ಜೊತೆಗೆ ನಡೆಯಿರಿ. ನಡುವೆ ಆಕೆಗೆ ತೀರಾ ಬೇಸರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.