ಮೂವರ ವೇಗ, ಐವರ ಅಂಕ

ಪ್ರಶ್ನೆ: ಅಮೆರಿಕದ ಕಾಲೇಜೊಂದರಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಅಲ್ಲಿನ ಕ್ರಾಸ್ ಕಂಟ್ರಿ (ಹುಲ್ಲು, ಮಣ್ಣಿನ ಬಯಲಿನಲ್ಲಿ ನಡೆಯುವ ದೂರದ ಓಟ) ತಂಡದಲ್ಲಿದ್ದಾಳೆ. ತಂಡದ ಮೂವರು ಬಹಳ ವೇಗದ ಓಟಗಾರ್ತಿಯರು. ಕಾನ್ಫರೆನ್ಸ್ (ಕಾಲೇಜುಗಳ ಕ್ರೀಡಾ ಒಕ್ಕೂಟ) ಚಾಂಪಿಯನ್‌ಷಿಪ್ ಇವರದೇ ಎಂದು ಊಹಿಸಬಹುದೇ?
– ಓದುಗರು, ಧಾರವಾಡ

ಉತ್ತರ: ಅಷ್ಟರಿಂದಲೇ ಹೇಳಲಾಗದು. ತಂಡದಿಂದ ಸಾಮಾನ್ಯವಾಗಿ ಏಳು ಮಂದಿ ಓಡಿದರೂ, ಅವರಲ್ಲಿ ಮೊದಲು ಗುರಿ ಮುಟ್ಟಿದ ಐವರ ಸ್ಥಾನಗಳನ್ನಷ್ಟೇ ಕೂಡಿಸುತ್ತಾರೆ. ಮೊತ್ತ ಕಡಿಮೆಯಾದ ತಂಡ ಗೆಲ್ಲುತ್ತದೆ. ಮೊದಲ ಮೂರು ಸ್ಥಾನಗಳನ್ನು ಬಾಚಿಕೊಂಡ ತಂಡದ ಉಳಿದಿಬ್ಬರು 30 ಮತ್ತು 40ನೇ ಸ್ಥಾನಕ್ಕೆ ಜಾರಿದರೆ ಅಂಕ 76 ಆಗುತ್ತದೆ. 4ರಿಂದ 8ರವರೆಗೆ ಗುಂಪಾಗಿ ಬಂದ ತಂಡಕ್ಕೆ ಬರುವುದು 30 ಮಾತ್ರ. ಆದ್ದರಿಂದ ಮೊದಲನೆಯವಳಿಗೂ ಐದನೆಯವಳಿಗೂ ಇರುವ ಅಂತರವನ್ನೇ ನಾನು ಮೊದಲು ನೋಡುತ್ತೇನೆ. ಏರು, ಕೆಸರು, ಗಾಳಿ ಒಂದೊಂದು ಮೈದಾನದಲ್ಲಿ ಒಂದೊಂದು ರೀತಿ ಇರುವುದರಿಂದ, ಬೇರೆ ಬೇರೆ ಓಟಗಳ ಸಮಯವನ್ನು ಹೋಲಿಸುವುದಕ್ಕಿಂತ ಎದುರಾಳಿಗಳು ಜೊತೆಯಲ್ಲೇ ಓಡಿದ ಸ್ಪರ್ಧೆಗಳ ಫಲಿತಾಂಶವನ್ನು ನಂಬುವುದು ಮೇಲು. ಆರನೆಯ, ಏಳನೆಯವರನ್ನೂ ಮರೆಯಬಾರದು. ಅವರ ಸ್ಥಾನ ತಮ್ಮ ತಂಡದ ಮೊತ್ತಕ್ಕೆ ಸೇರದಿದ್ದರೂ, ಅವರು ಎದುರಾಳಿಯ ಐದನೆಯವಳನ್ನು ಹಿಂದಿಕ್ಕಿದರೆ ಅವಳ ಸ್ಥಾನ ಕೆಳಗಿಳಿದು ಎದುರಾಳಿ ತಂಡದ ಮೊತ್ತ ಏರುತ್ತದೆ. 2022ರ ಅಮೆರಿಕದ ಕಾಲೇಜು ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ನಾರ್ದರ್ನ್ ಅರಿಜೋನಾ ಮತ್ತು ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯಗಳ ತಂಡಗಳು ತಲಾ 83 ಅಂಕ ಗಳಿಸಿ ಸಮನಾದಾಗ, ಎರಡೂ ತಂಡಗಳ ಐವರನ್ನು (ಮೊದಲನೆಯವನನ್ನು ಮೊದಲನೆಯವನೊಂದಿಗೆ, ಹೀಗೆ) ಜೋಡಿಜೋಡಿಯಾಗಿ ಹೋಲಿಸಿ ನಾರ್ದರ್ನ್ ಅರಿಜೋನಾವನ್ನು ವಿಜೇತ ತಂಡವೆಂದು ನಿರ್ಣಯಿಸಲಾಯಿತು. ನಿಮ್ಮ ತಂಗಿಯ ಮಗಳು ತಂಡದ ನಾಲ್ಕನೆಯ ಅಥವಾ ಐದನೆಯ ಓಟಗಾರ್ತಿಯಾಗಿದ್ದರೆ, ಫಲಿತಾಂಶ ಬಹುಮಟ್ಟಿಗೆ ಅವಳ ಓಟದ ಮೇಲೆಯೇ ನಿಂತಿದೆ.