ಪ್ಯಾಚ್ ಟೆಸ್ಟ್ ಪಟ್ಟಿ ತೆಗೆದಾಗ ಏನೂ ಇರಲಿಲ್ಲ, ಐದನೆಯ ದಿನ ಕೆಂಪಾಗಿದೆ, ಇದು ಅಲರ್ಜಿಯೇ?

ಯಾವ ವಸ್ತು ಚರ್ಮಕ್ಕೆ ಆಗದೆಂದು ತಿಳಿಯಲು, ಗುಮಾನಿಯ ವಸ್ತುಗಳನ್ನಿಟ್ಟು ಬೆನ್ನಿಗೆ ಅಂಟಿಸಿದ್ದ ಪಟ್ಟಿಗಳನ್ನು ಎರಡು ದಿನದ ಮೇಲೆ ತೆಗೆದಾಗ ಚರ್ಮ ಚೊಕ್ಕಟವಾಗಿತ್ತೆಂದೂ ಐದನೆಯ ದಿನವಾದ ಇಂದು ಒಂದು ಕಡೆ ಕೆಂಪಾಗಿ ತುರಿಸುತ್ತಿದೆಯೆಂದೂ ಬರೆದಿದ್ದೀರಿ. ನಾನು ವೈದ್ಯನಲ್ಲ, ಸಕಲೇಶಪುರದ ಬಳಿ ಕಾಫಿ ತೋಟ ನೋಡಿಕೊಂಡಿರುವವನು, ಅಂಗೈಯ ಇಸುಬು ವಾಸಿಯಾಗದೆ ಹಾಸನದಲ್ಲಿ ಇದೇ ಪರೀಕ್ಷೆ ಮಾಡಿಸಿಕೊಂಡವನು.

ತಡವಾಗಿ ಬಂದಿತೆಂದು ಅದನ್ನು ತಳ್ಳಿಹಾಕಬೇಡಿ. ಸಿಗಡಿ ತಿಂದ ಅರ್ಧ ಗಂಟೆಯಲ್ಲೇ ಮೈಮೇಲೆ ಏಳುವ ಪಿತ್ತಗಂಧೆಯ ಜಾತಿಯದಲ್ಲ ಇದು. ವಸ್ತು ಚರ್ಮದೊಳಕ್ಕಿಳಿದು, ಅದರ ಗುರುತನ್ನು ಮೊದಲೇ ಇಟ್ಟುಕೊಂಡಿರುವ ಟಿ ಜೀವಕೋಶಗಳು (ದೇಹದ ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕಣಗಳು) ಆ ಜಾಗಕ್ಕೆ ಬಂದು ಸೇರಿ ಉರಿಯೂತ ಎಬ್ಬಿಸುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ಆದ್ದರಿಂದಲೇ 48 ಗಂಟೆಗೆ ಪಟ್ಟಿ ತೆಗೆದು ಒಮ್ಮೆ, 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಗಾಯದ ಮುಲಾಮುಗಳಲ್ಲಿ ಹಾಕುವ ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್ ಮುಲಾಮು, ಕೆಲವು ಲೋಹಗಳು ಇನ್ನೂ ನಿಧಾನ. ಅವಕ್ಕೆ ಏಳನೆಯ ದಿನದ ನೋಟವೂ ಬೇಕು.

ನನಗೆ ಅಂಟಿಸಿದ್ದು ಸೋಮವಾರ. ಬುಧವಾರ ಸಿಮೆಂಟಿನಲ್ಲಿರುವ ಕ್ರೋಮೇಟ್ ಇಟ್ಟ ಕಡೆ ಸಣ್ಣಗೆ ಕೆಂಪಾಗಿ, ಮೇಲ್ಪದರ ಸುಕ್ಕುಗಟ್ಟಿದಂತಿತ್ತು. ಶುಕ್ರವಾರಕ್ಕೆ ಅದು ಮಾಸಿತ್ತು. ಹೀಗೆ ಇಳಿಮುಖವಾಗುವುದು ಬಹುಮಟ್ಟಿಗೆ ಬರೀ ಕಿರಿಕಿರಿಯ ಲಕ್ಷಣವೆಂದೂ, ದಿನದಿಂದ ದಿನಕ್ಕೆ ಏರುತ್ತ ಹೋಗುವುದೇ ಅಲರ್ಜಿಯ ನಡೆಯೆಂದೂ ವೈದ್ಯರು ತಿಳಿಸಿದರು. ನಾನು ಗುಮಾನಿಪಟ್ಟಿದ್ದ ಕಾಂಗ್ರೆಸ್ ಗಿಡದ ಜಾಗದಲ್ಲಿ ಏನೂ ಏಳಲಿಲ್ಲ. ಕೊಯ್ಲಿನ ಕಾಲ, ಆಳುಗಳನ್ನು ಬಿಟ್ಟು ಮತ್ತೆ ಯಾರು ಹೋಗುತ್ತಾರೆಂದು ಏಳನೆಯ ದಿನದ ಭೇಟಿಯನ್ನು ತಪ್ಪಿಸುವವನಿದ್ದೆ. ಭಾನುವಾರ ರಾತ್ರಿ ತುರಿಕೆ ಎದ್ದಿತು. ಸೋಮವಾರ ನೋಡಿದರೆ ನಿಯೋಮೈಸಿನ್ ಜಾಗದಲ್ಲಿ ಬೆರಳಿಗೆ ಗಟ್ಟಿಯಾಗಿ ಸಿಗುವ ಉಬ್ಬು, ಮೇಲೆ ಸಾಸಿವೆ ಕಾಳಿನಂಥ ಗುಳ್ಳೆಗಳು. ಮರಗಸಿಯಲ್ಲಿ, ಅಂದರೆ ತೋಟದ ನೆರಳು ಮರಗಳ ಕೊಂಬೆ ಸವರುವಾಗ, ಆದ ತರಚು ಗಾಯಗಳಿಗೆ ವರ್ಷಗಟ್ಟಲೆ ಸವರಿಕೊಂಡಿದ್ದು ಅದೇ ಔಷಧವಿದ್ದ ಮುಲಾಮನ್ನು!

ಹತ್ತು ಹದಿನೈದು ದಿನ ಕಳೆದ ಮೇಲೆ ಮೊದಲ ಬಾರಿಗೆ ಏಳುವ ಕಲೆಯ ಮಾತು ಬೇರೆ. ಪರೀಕ್ಷೆಯಿಂದಲೇ ಹೊಸದಾಗಿ ಅಲರ್ಜಿ ಹುಟ್ಟಿರುವ ಅಪರೂಪದ ಸಾಧ್ಯತೆಯನ್ನು ಆಗ ವೈದ್ಯರು ಪರಿಗಣಿಸುತ್ತಾರೆ. ನಿಮ್ಮದು ಅದಲ್ಲ. ಯಾವ ವಸ್ತು ಎಲ್ಲಿತ್ತೆಂದು ತಿಳಿಯಲು ಬೆನ್ನಿನ ಮೇಲೆ ಹಾಕಿರುವ ಪೆನ್ನಿನ ಗುರುತುಗಳು ಅಳಿಸುವ ಮೊದಲು, ಅವೂ ಕಾಣುವಂತೆ ಬೆನ್ನಿನ ಫೋಟೋ ತೆಗೆಸಿಡಿ. ತುರಿಕೆ ತಡೆಯಲಾಗದೆ ಆ ಜಾಗಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚಿಬಿಡಬೇಡಿ, ನೋಡಬೇಕಾದದ್ದೇ ಅಡಗಿಹೋದೀತು. ನಾಡಿದ್ದು ಏಳನೆಯ ದಿನ. ಇವತ್ತೇ ಫೋನ್ ಮಾಡಿ ಅಂದಿಗೆ ಸಮಯ ಕೇಳಿಕೊಳ್ಳಿ.