ಪ್ರಯಾಣದಲ್ಲಿ ಅಪರಿಚಿತರು ಮಾಡಿದ ಯಾವ ಸಣ್ಣ ಉಪಕಾರ ನಿಮಗೆ ಇವತ್ತಿಗೂ ನೆನಪಿದೆ?

ನೀವು ಸಣ್ಣ ಉಪಕಾರ ಅಂತ ಕೇಳಿದ್ದು ಒಳ್ಳೆಯದಾಯಿತು. ನನಗೆ ನೆನಪಿರುವುದು ಒಂದು ಸುಳ್ಳು.

ರಾತ್ರಿ ಬಸ್ಸು. ತಿರುವಿನ ಮೇಲೆ ತಿರುವು. ಹೊಟ್ಟೆ ತೊಳಸಲು ಶುರುವಾಗಿತ್ತು. ಕಿಟಕಿ ಪಕ್ಕ ನಡುವಯಸ್ಸಿನವರೊಬ್ಬರು ಕೂತಿದ್ದರು. ಜಾಗ ಬದಲಾಯಿಸ್ತೀರಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಆಸೆಪಟ್ಟೇ ಆ ಸೀಟು ಹಿಡಿದಿರುತ್ತಾರೆ ಅಲ್ವಾ? ಮುಂದಿನ ಸೀಟಿನ ಕಂಬಿ ಹಿಡಿದು, ಹಣೆ ಅದಕ್ಕೇ ಆನಿಸಿ, ಕಣ್ಣು ಮುಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಮೊಣಕೈ ತಟ್ಟಿದರು. "ಈ ಗಾಳಿ ನನಗೆ ಆಗಲ್ಲ ಕಣ್ರೀ. ನೀವು ಈ ಕಡೆ ಬಂದುಬಿಡಿ." ದನಿಯಲ್ಲಿ ಸ್ವಲ್ಪ ಸಿಡುಕೂ ಇತ್ತು, ಉಪಕಾರ ಮಾಡಬೇಕಾದವರು ನಾನೇ ಅನ್ನುವ ಹಾಗೆ. ಬದಲಾಯಿಸಿಕೊಂಡೆವು. ಗಾಳಿ ತಗುಲಿದ್ದೇ ಜೀವ ಬಂದ ಹಾಗಾಯಿತು, ನಿದ್ದೆಯೂ ಹತ್ತಿತು. ಎಚ್ಚರವಾದಾಗ ಪಕ್ಕದ ಸೀಟು ಖಾಲಿ. ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಯಾರೋ ಇಳಿದು ಜಾಗವಾಗಿತ್ತು. ನಮ್ಮ ಗಾಳಿ ಆಗದ ಮನುಷ್ಯರು ಅಲ್ಲಿ ಕಿಟಕಿ ಪೂರ್ತಿ ಸರಿಸಿಕೊಂಡು, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತಾ ಆರಾಮಾಗಿ ಕೂತಿದ್ದರು!

ಸೀಟು ಬಿಟ್ಟುಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಕೇಳುವ ಕಷ್ಟವನ್ನೂ, ಆಮೇಲೆ ಋಣದಲ್ಲಿ ಬಿದ್ದವರ ಹಾಗೆ ಕೂತಿರುವ ಮುಜುಗರವನ್ನೂ ಒಟ್ಟಿಗೆ ತಪ್ಪಿಸುವವರು ಕಡಿಮೆ.

ಕೇಳುವುದು ಅಷ್ಟೊಂದು ಕಷ್ಟವಾ ಅಂತ ನಿಮಗನ್ನಿಸಬಹುದು. 1970ರ ದಶಕದಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಈಗಿನ ಹುಡುಗರು ವಯಸ್ಸಾದವರಿಗೆ ಸೀಟು ಯಾಕೆ ಬಿಡಲ್ಲ ಅಂತ ಅವರ ಅತ್ತೆ ಒಮ್ಮೆ ಕೇಳಿದ್ದರಂತೆ. ಅಲ್ಲಿಂದ ಹುಟ್ಟಿದ ಯೋಚನೆ ಇದು. ಅವರ ವಿದ್ಯಾರ್ಥಿಗಳು ಸುರಂಗ ರೈಲಿನಲ್ಲಿ ಕೂತವರ ಹತ್ತಿರ ಹೋಗಿ, ಯಾವ ಕಾರಣವನ್ನೂ ಹೇಳದೆ, ನಿಮ್ಮ ಸೀಟು ನನಗೆ ಕೊಡ್ತೀರಾ ಅಂತ ಕೇಳಬೇಕು. ಅಷ್ಟೇ ಕೆಲಸ. 100ಕ್ಕೆ 68 ಜನ ಎದ್ದರು, ಇಲ್ಲವೇ ಸರಿದು ಜಾಗ ಮಾಡಿದರು. ಕಷ್ಟವಾಗಿದ್ದು ಕೊಟ್ಟವರಿಗಲ್ಲ, ಕೇಳಿದ ವಿದ್ಯಾರ್ಥಿಗಳಿಗೆ. ಕೊನೆಗೆ ಮಿಲ್‌ಗ್ರಾಮ್ ಅವರೇ ಕೇಳಲು ಹೋದರು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಹೇಗೋ ಕೇಳಿ, ಸೀಟು ಸಿಕ್ಕ ಮೇಲೆ, ಸುಮ್ನೆ ಕೂರಲೂ ಆಗದೆ ಹುಷಾರಿಲ್ಲದವರ ಹಾಗೆ ತಲೆ ಬಗ್ಗಿಸಿ ಕೂತರಂತೆ. ಪ್ರಯೋಗ ಮಾಡಿಸಿದ ಮೇಷ್ಟರ ಗತಿಯೇ ಇದು. ವಾಂತಿ ಬರುತ್ತಿದ್ದರೂ ನಾನು ಬಾಯಿ ಬಿಡದೆ ಕೂತಿದ್ದರಲ್ಲಿ ಏನಾಶ್ಚರ್ಯ?

ಹಾಗಂತ ಎಲ್ಲರೂ ತಾವಾಗಿಯೇ ಗಮನಿಸಲಿ ಅಂತ ಕಾಯುತ್ತಾ ಕೂರುವುದೂ ಜಾಣತನವಲ್ಲ. ಜನ ಜಾಸ್ತಿ ಇದ್ದಷ್ಟೂ ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಬಿಡು ಅನ್ನುವ ಭಾವನೆ ಬಲವಾಗುತ್ತದೆ. 1968ರಲ್ಲಿ ಡಾರ್ಲಿ ಮತ್ತು ಲಾಟಾನೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ದನಿ ಹೆಡ್‌ಫೋನಿನಲ್ಲಿ ಕೇಳಿಸುತ್ತದೆ. ಕೇಳಿಸಿಕೊಂಡಿದ್ದು ತಾನೊಬ್ಬನೇ ಅಂದುಕೊಂಡವರಲ್ಲಿ 100ಕ್ಕೆ 85 ಜನ, ಆ ದನಿ ನಿಲ್ಲುವುದರೊಳಗೆ ಸಹಾಯಕ್ಕೆ ಓಡಿದರು. ಇನ್ನೂ ನಾಲ್ವರಿಗೆ ಕೇಳಿಸಿದೆ ಅಂದುಕೊಂಡವರಲ್ಲಿ ಹಾಗೆ ಎದ್ದವರು 31 ಜನ ಮಾತ್ರ. ಅದಕ್ಕೇ ನಾನು ಹೇಳುವುದು, ನಿಜವಾಗಿ ತೊಂದರೆಯಲ್ಲಿದ್ದರೆ ಬೋಗಿಗೆಲ್ಲ ಕೇಳುವ ಹಾಗೆ ಯಾರಾದ್ರೂ ಬನ್ನಿ ಅಂತ ಕೂಗಿ ಸುಮ್ಮನಾಗಬೇಡಿ. ಒಬ್ಬರನ್ನೇ ನೋಡಿ, "ನೀಲಿ ಅಂಗಿಯವರೇ, ಸ್ವಲ್ಪ ಬನ್ನಿ" ಅನ್ನಿ. ನೀಲಿ ಅಂಗಿಯವರು ಬರುತ್ತಾರೆ.

ಮಾತಿನ ವಿಷಯದಲ್ಲೂ ಹೀಗೇ. ಪಕ್ಕದವರನ್ನು ಮಾತಾಡಿಸಿದರೆ ಅವರಿಗೆ ಕಿರಿಕಿರಿ ಅಂದುಕೊಂಡು ನಾವು ಫೋನು ಹಿಡಿಯುತ್ತೇವೆ. ಅವರೂ ಅದೇ ಲೆಕ್ಕದಲ್ಲಿ ಫೋನು ಹಿಡಿದಿರುತ್ತಾರೆ. ಶಿಕಾಗೊದ ಲೋಕಲ್ ರೈಲುಗಳಲ್ಲಿ ಕೆಲವರಿಗೆ ಅಪರಿಚಿತರ ಜೊತೆ ಮಾತಾಡಿ ಅಂತಲೂ, ಕೆಲವರಿಗೆ ಸುಮ್ಮನೆ ಕೂತಿರಿ ಅಂತಲೂ ಹೇಳಿ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ಮಾತಾಡಿದವರಿಗೇ ಪ್ರಯಾಣ ಜಾಸ್ತಿ ಖುಷಿ ಕೊಟ್ಟಿತ್ತು. ಯಾವುದು ಚೆನ್ನಾಗಿರುತ್ತೆ ಅಂತ ಮೊದಲೇ ಊಹಿಸಿ ಅಂದಾಗ ಜನ ಹೇಳಿದ್ದು ಇದರ ಉಲ್ಟಾ. ನಾನಂತೂ ಮೊದಲು ಮಾತಾಡಿಸುವ ಜಾತಿಯಲ್ಲ. ಬೆಳಿಗ್ಗೆ ಆರು ಗಂಟೆಗೆ ಯಾರಾದರೂ ಮಾತಿಗೆಳೆದರೆ ಕಿರಿಕಿರಿ ಆಗುವುದೂ ನಿಜ.

ಎಲ್ಲ ಉಪಕಾರವೂ ಉಪಕಾರವಲ್ಲ ಅನ್ನುವುದನ್ನೂ ಹೇಳಿಬಿಡಬೇಕು, ಅದರಲ್ಲೂ ಒಬ್ಬರೇ ಓಡಾಡುವ ಹೆಣ್ಣುಮಕ್ಕಳಿಗೆ. ನನ್ನ ಕಣ್ಣಿಗೆ ಕಂಡ ವ್ಯತ್ಯಾಸ ಇಷ್ಟೇ. ಒಳ್ಳೆಯವರಿಗೆ ನಿಮ್ಮ "ಬೇಡ" ಸಾಕು, "ಸರಿ" ಅಂದು ತಮ್ಮ ಪಾಡಿಗೆ ಇರುತ್ತಾರೆ. ಬೇಡ ಅಂದ ಮೇಲೂ ಅವಸರ ಮಾಡುವವರು, ಎಲ್ಲಿ ಇಳೀತೀರಿ, ಜೊತೆಗೆ ಯಾರಿದ್ದಾರೆ, ಎಲ್ಲಿ ಉಳ್ಕೊಳ್ತೀರಿ ಅಂತ ಬಿಡದೆ ಕೆದಕುವವರು, ಕುಡಿಯಲು ಏನೋ ಕೊಟ್ಟು ಕುಡಿಯಲೇಬೇಕು ಅನ್ನುವವರು, ಇವರಿಂದ ದೂರ ಇರಿ. ಎದ್ದು ಬೇರೆ ಕಡೆ ಹೋಗಿ ಕೂರಿ. ಒರಟಾಗಿ ಕಂಡರೂ ಪರವಾಗಿಲ್ಲ.

ಇನ್ನು, ಆ ಬಸ್ಸಿನವರ ವಿದ್ಯೆಯನ್ನು ನಾನೂ ಒಂದು ಸಲ ಪ್ರಯೋಗಿಸಿದ್ದುಂಟು. ರೈಲು ತುಂಬಿತ್ತು. ವಯಸ್ಸಾದ ಹೆಂಗಸೊಬ್ಬರು ನನ್ನ ಸೀಟಿನ ಪಕ್ಕ ನಿಂತಿದ್ದರು. ಅಯ್ಯೋ ಪಾಪ ಅನ್ನುವ ದನಿ ಬರಬಾರದಲ್ಲ, ಅದಕ್ಕೆ ಎದ್ದು ಸೊಂಟ ಹಿಡಿದುಕೊಂಡು, "ಕೂತು ಕೂತು ಬೆನ್ನು ನೋವು ಬಂತಮ್ಮಾ, ನೀವು ಕೂರಿ, ನಾನು ಸ್ವಲ್ಪ ನಿಂತಿರುತ್ತೇನೆ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಂದೂ ಅದೇ ಕಥೆ, ಬೆಳಿಗ್ಗೆಯಿಂದ ಕೂತು ಸಾಕಾಗಿದೆ. ನೀನು ಕೂತ್ಕೋ" ಅಂದರು. ಇಬ್ಬರ ಮಾತೂ ಸುಳ್ಳು ಅಂತ ಇಬ್ಬರಿಗೂ ಗೊತ್ತು, ಆದರೂ ಇಬ್ಬರೂ ಬಿಡಲಿಲ್ಲ. ಅಷ್ಟರಲ್ಲಿ ಮುಂದಿನ ನಿಲ್ದಾಣದಲ್ಲಿ ಹತ್ತಿದ ಹುಡುಗನೊಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಬಂದು, ಖಾಲಿ ಸೀಟು ನೋಡಿ ಕೂತುಬಿಟ್ಟ. ಆಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಅವರು ಇಳಿಯುವವರೆಗೂ ಇಬ್ಬರೂ ನಿಂತುಕೊಂಡೇ ಹರಟಿದೆವು.